ಅಂಕಗಳಿಗಾಗಿ ಎಷ್ಟು ಶ್ರಮ? ಸರ್ ಎಂ. ವಿಶ್ವೇಶ್ವರಯ್ಯನವರ ಬದುಕು ಹೇಳುವುದೇನು

ಪರೀಕ್ಷೆಗಳು ಹತ್ತಿರವಾದಂತೆ ನಮ್ಮ ಮನೆಗಳಲ್ಲಿ ಅದೇ ಚರ್ಚೆ. ಹೈಸ್ಕೂಲಿನ ಮಕ್ಕಳು ಅಂಕಗಳಿಗಾಗಿ ಎಷ್ಟು ದುಡಿಯಬೇಕು? ಮಂಡ್ಯ, ಮದ್ದೂರು, ಮಳವಳ್ಳಿಯ ರೈತರು ಇಂದಿಗೂ ನೆನೆಯುವ ಸರ್ ಎಂ. ವಿಶ್ವೇಶ್ವರಯ್ಯನವರ ಬದುಕನ್ನು ಈ ಪ್ರಶ್ನೆಯೊಂದಿಗೆ ನೋಡೋಣ.

ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಅವರು ಎಳೆಯ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡರು. ಬೆಂಗಳೂರಿನಲ್ಲಿ ಮಕ್ಕಳಿಗೆ ಮನೆಪಾಠ ಹೇಳಿ ತಮ್ಮ ಖರ್ಚು ತೂಗಿಸುತ್ತಾ 1881ರಲ್ಲಿ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮುಗಿಸಿದರು. ಮೈಸೂರು ಸರಕಾರದ ವಿದ್ಯಾರ್ಥಿವೇತನ ಸಿಕ್ಕಿದ್ದರಿಂದ ಪುಣೆಯಲ್ಲಿ ಇಂಜಿನಿಯರಿಂಗ್ ಓದಲು ಸಾಧ್ಯವಾಯಿತು. 1883ರ ಪರೀಕ್ಷೆಯಲ್ಲಿ ಮೊದಲಿಗರಾಗಿ, ಮರುವರ್ಷ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆ ಸೇರಿದರು. ಆಸ್ತಿಯಿಲ್ಲದ ಹುಡುಗನಿಗೆ ಅಂಕಗಳೇ ಬಾಗಿಲು ತೆರೆದವು.

ಆದರೆ ಅವರು ಆ ಬಾಗಿಲಲ್ಲೇ ನಿಲ್ಲಲಿಲ್ಲ. 1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು. 1911ರಲ್ಲಿ ಕನ್ನಂಬಾಡಿ ಅಣೆಕಟ್ಟಿನ ಕೆಲಸ ಆರಂಭವಾಯಿತು. ಸಾವಿರಾರು ಕೂಲಿಕಾರರ ಬೆವರಿನಿಂದ ಎದ್ದ ಆ ಕಟ್ಟೆಯ ನೀರು ಹುಲಿಕೆರೆಯ ಸುರಂಗದ ಮೂಲಕ ಹರಿದು, ಮಳೆಯನ್ನೇ ನಂಬಿದ್ದ ಹೊಲಗಳಲ್ಲಿ ಭತ್ತ, ಕಬ್ಬು ಬೆಳೆಯಿತು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪೆನಿ ಹುಟ್ಟಿತು. ಇರ್ವಿನ್ ನಾಲೆ ಎನ್ನುತ್ತಿದ್ದ ಕಾಲುವೆಗೆ ಈಗ ಅವರದೇ ಹೆಸರು.

1912ರಿಂದ 1918ರವರೆಗೆ ದಿವಾನರಾಗಿದ್ದಾಗ ಶಾಲೆಗಳನ್ನು ಹೆಚ್ಚಿಸಿದರು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಆದರೆ ಸರಕಾರಿ ಕೆಲಸಕ್ಕೆ ಪ್ರತಿಭೆಯೊಂದೇ ಅಳತೆಗೋಲು ಎಂಬುದು ಅವರ ನಿಲುವು. ಹಿಂದುಳಿದ ಸಮುದಾಯಗಳಿಗೂ ಪಾಲು ಸಿಗಬೇಕೆಂದು ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಈ ಭಿನ್ನಾಭಿಪ್ರಾಯದಿಂದ ವಿಶ್ವೇಶ್ವರಯ್ಯನವರು ಹುದ್ದೆ ಬಿಟ್ಟರು.

ಇಲ್ಲಿ ನಾವು ಮಹಾರಾಜರ ಕಡೆಗೇ ವಾಲುತ್ತೇವೆ. ಮನೆಯಲ್ಲಿ ಅಕ್ಷರ ಬಲ್ಲವರೇ ಇಲ್ಲದ ಮಗುವಿನ ಅರುವತ್ತು ಅಂಕ, ಟ್ಯೂಷನ್ ಪಡೆದ ಮಗುವಿನ ತೊಂಬತ್ತಕ್ಕಿಂತ ಕಡಿಮೆಯೆಂದು ಹೇಳುವುದು ಹೇಗೆ? ಹಾಗೆಂದು ಅಂಕ ಬೇಡವೆನ್ನಲೂ ಆಗದು. ಬಡವರ ಮಕ್ಕಳಿಗೆ ವಿದ್ಯಾರ್ಥಿವೇತನದ ದಾರಿ ಇಂದಿಗೂ ಅದೇ.

ಆದ್ದರಿಂದ ಮಕ್ಕಳು ಮುಂದಿನ ಬಾಗಿಲು ತೆರೆಯುವಷ್ಟು ಶ್ರಮಪಟ್ಟು ಓದಲಿ. ನಿದ್ದೆ, ಆರೋಗ್ಯ ಕೆಡಿಸಿಕೊಳ್ಳುವಷ್ಟು ಬೇಡ. ಹೆತ್ತವರು ಪಕ್ಕದ ಮನೆಯ ಮಕ್ಕಳೊಂದಿಗೆ ಹೋಲಿಸದಿರಲಿ. ನಮ್ಮ ವಾರ್ಡುಗಳಲ್ಲಿ ಸಂಜೆ ಓದಲು ಜಾಗವಿಲ್ಲದ ಮಕ್ಕಳಿದ್ದರೆ, ಚರ್ಚ್ ಸಭಾಂಗಣದ ಒಂದು ಕೋಣೆಯನ್ನು ಅವರಿಗೆ ತೆರೆದುಕೊಡೋಣ. ಕಾಲೇಜಿಗೆ ಹೋಗುವ ನಮ್ಮ ಯುವಜನರು ಅಲ್ಲಿ ಕುಳಿತು ಲೆಕ್ಕ ಹೇಳಿಕೊಡಲಿ. ಮನೆಪಾಠ ಹೇಳಿಯೇ ಮೇಲೆ ಬಂದ ವಿಶ್ವೇಶ್ವರಯ್ಯನವರು 1962ರ ಏಪ್ರಿಲ್ 14ರಂದು ನಿಧನರಾದರು. ಅವರನ್ನು ನೆನೆಯಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಾಣದು.