ನಿದ್ರೆಯ ನೆಲೆ ಹುಡುಕಿದ ವೈದ್ಯ ಎಕೊನೊಮೊ

ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗುವುದು ನಮ್ಮ ಹಟ್ಟಿಗೆ ಹೊಸದಲ್ಲ. ಆದರೆ ಜ್ವರ ಬಂದಾಗ ದಿನವೆಲ್ಲ ಮಂಪರು ಏಕೆ? ಪೆಟ್ಟು ಬಿದ್ದಾಗ ನಿದ್ರೆ ಕೆಡುವುದೇಕೆ? ಈ ಪ್ರಶ್ನೆಗಳಿಗೆ ದಾರಿ ತೋರಿದವರಲ್ಲಿ ಡಾ. ಕಾನ್‌ಸ್ಟಾಂಟಿನ್ ಫಾನ್ ಎಕೊನೊಮೊ ಪ್ರಮುಖರು.

1876ರಲ್ಲಿ ರುಮೇನಿಯಾದ ಬ್ರೈಲಾ ಪಟ್ಟಣದ ಗ್ರೀಕ್ ಕುಟುಂಬದಲ್ಲಿ ಜನಿಸಿದ ಇವರು ಬೆಳೆದದ್ದು ಟ್ರಿಯೆಸ್ಟ್ ಬಂದರಿನಲ್ಲಿ. ವಿಯೆನ್ನಾದಲ್ಲಿ ಮೊದಲು ಎಂಜಿನಿಯರಿಂಗ್ ಓದತೊಡಗಿದರು. ಮನಸ್ಸು ನಿಲ್ಲದೆ ವೈದ್ಯಶಾಸ್ತ್ರಕ್ಕೆ ಬಂದು 1901ರಲ್ಲಿ ಪದವಿ ಪಡೆದರು. ವಿಮಾನ ಹಾರಿಸುವ ಹುಚ್ಚೂ ಇತ್ತು. ಮೊದಲ ಮಹಾಯುದ್ಧದಲ್ಲಿ ವಿಮಾನ ಚಾಲಕರಾಗಿದ್ದು, ಬಳಿಕ ವಿಯೆನ್ನಾಕ್ಕೆ ಮರಳಿ ತಲೆಗೆ ಗಾಯವಾದ ಸೈನಿಕರ ಚಿಕಿತ್ಸೆಗೆ ನಿಂತರು.

1916-17ರ ಚಳಿಗಾಲದಲ್ಲಿ ಅಲ್ಲಿನ ಆಸ್ಪತ್ರೆಗೆ ವಿಚಿತ್ರ ರೋಗಿಗಳು ಬಂದರು. ಕೆಲವರು ಊಟ ಮಾಡುತ್ತಲೇ ನಿದ್ರೆಗೆ ಜಾರುತ್ತಿದ್ದರು. ಎಬ್ಬಿಸಿದರೆ ಎದ್ದು ಮಾತನಾಡಿ ಮತ್ತೆ ಮಲಗುತ್ತಿದ್ದರು. ಇನ್ನು ಕೆಲವರಿಗೆ ನಿದ್ರೆಯೇ ಇರಲಿಲ್ಲ. ಎಕೊನೊಮೊ 1917ರಲ್ಲಿ ಈ ಮೆದುಳಿನ ಉರಿಯೂತವನ್ನು ಲೋಕಕ್ಕೆ ವಿವರಿಸಿದರು. ತೀರಿಕೊಂಡವರ ಮೆದುಳನ್ನು ತಾಳ್ಮೆಯಿಂದ ಪರೀಕ್ಷಿಸಿದಾಗ ಒಂದು ಸಂಗತಿ ಹೊಳೆಯಿತು. ಮೆದುಳಿನ ತಳದಲ್ಲಿರುವ ಹೈಪೊಥಲಾಮಸ್‌ನ ಹಿಂಭಾಗ ಕೆಟ್ಟಿದ್ದವರು ಅತಿಯಾಗಿ ಮಲಗಿದ್ದರು. ಮುಂಭಾಗ ಕೆಟ್ಟಿದ್ದವರು ನಿದ್ರೆಗೆಟ್ಟಿದ್ದರು. ನಿದ್ರೆ ಬರೀ ದಣಿವಲ್ಲ, ಅದನ್ನು ನಡೆಸುವ ನೆಲೆಗಳು ಮೆದುಳಿನಲ್ಲಿವೆ ಎಂದು ಅವರು ತಿಳಿಸಿದರು. 1931ರಲ್ಲಿ, 55ನೆಯ ವಯಸ್ಸಿನಲ್ಲಿ ವಿಯೆನ್ನಾದಲ್ಲಿ ನಿಧನರಾದರು.

ಮುಂದಿನ ವಿಜ್ಞಾನಿಗಳು ಈ ದಾರಿಯಲ್ಲೇ ಸಾಗಿದರು. ಸೋಂಕು ತಗುಲಿದಾಗ ಅಥವಾ ಗಾಯವಾದಾಗ ರಕ್ಷಣೆಗೆ ನಿಲ್ಲುವ ಜೀವಕೋಶಗಳು ಇಂಟರ್‌ಲ್ಯೂಕಿನ್-1ರಂಥ ಪದಾರ್ಥಗಳನ್ನು ಬಿಡುತ್ತವೆ. ಆ ಸಂದೇಶ ಮೆದುಳಿಗೆ ಮುಟ್ಟಿದಾಗ ಜ್ವರ ಏರುತ್ತದೆ, ಮಂಪರು ಕವಿಯುತ್ತದೆ. ಮೈಯ ಶಕ್ತಿಯನ್ನು ರೋಗದ ವಿರುದ್ಧದ ಹೋರಾಟಕ್ಕೆ ಉಳಿಸುವ ಉಪಾಯವಿದು. ಗಾಯದ ನೋವು, ಉರಿಯೂತ ಹೆಚ್ಚಾದರೆ ಅದೇ ನಿದ್ರೆ ಮುರಿದು ಮುರಿದು ಬರುತ್ತದೆ.

ಆದ್ದರಿಂದ ಜ್ವರದಲ್ಲಿ ಮಲಗಿದ ಮಗುವನ್ನಾಗಲಿ, ಗಾಯಗೊಂಡು ಮನೆಯಲ್ಲಿರುವ ಕಾರ್ಮಿಕನನ್ನಾಗಲಿ ಸೋಮಾರಿ ಎನ್ನಬಾರದು. ಆ ನಿದ್ರೆಯೂ ಒಂದು ಔಷಧಿ. ಆದರೆ ತಲೆಗೆ ಪೆಟ್ಟು ಬಿದ್ದವರಿಗೆ ಮಂಪರು ಹೆಚ್ಚುತ್ತಾ ಹೋದರೆ, ಎಬ್ಬಿಸಿದರೂ ಏಳದಿದ್ದರೆ, ವಿಶ್ರಾಂತಿ ಎಂದು ಸುಮ್ಮನಿರದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಗಣಿ ಊರಿನ ನಾವು ಇದನ್ನು ಮರೆಯಬಾರದು. ಮಲಗಿದವರನ್ನು ಹೀಗಳೆಯದೆ, ಏಕೆ ಮಲಗಿದರೆಂದು ಕೇಳಿದ ಆ ವೈದ್ಯರ ಕುತೂಹಲ ನಮ್ಮ ಶಾಲೆಯ ಮಕ್ಕಳಿಗೂ ಬರಲಿ.