ನೀರುಗಿಡದ ಗುಳ್ಳೆಗಳು ಮತ್ತು ಜಗದೀಶಚಂದ್ರ ಬೋಸ್

ಕಳೆದ ಚಳಿಗಾಲದಲ್ಲಿ ಹೌಜ್ ಖಾಸ್‌ನ ನಮ್ಮ ಮನೆಯ ಬಾಲ್ಕನಿಯೇ ಪ್ರಯೋಗಶಾಲೆಯಾಗಿತ್ತು. ನೀರುಗಿಡದ ದ್ಯುತಿಸಂಶ್ಲೇಷಣೆಯ ವೇಗ ಯಾವ ಕಾರಣಕ್ಕೆ ಹೆಚ್ಚು ಕಡಿಮೆ ಆಗುತ್ತದೆ ಎಂದು ಕಂಡುಹಿಡಿಯುವುದು ಮಗಳಿಗೆ ಶಾಲೆಯಲ್ಲಿ ಕೊಟ್ಟ ಪ್ರಾಜೆಕ್ಟ್. ಅಕ್ವೇರಿಯಂ ಅಂಗಡಿಯಿಂದ ಹೈಡ್ರಿಲ್ಲಾ ಗಿಡ ತಂದು ಗಾಜಿನ ಜಾರಿನಲ್ಲಿ ಮುಳುಗಿಸಿ, ಪಕ್ಕದಲ್ಲಿ ಟೇಬಲ್ ಲ್ಯಾಂಪ್ ಇಟ್ಟೆವು. ಕತ್ತರಿಸಿದ ಕಾಂಡದಿಂದ ಆಮ್ಲಜನಕದ ಗುಳ್ಳೆಗಳು ಒಂದೊಂದಾಗಿ ಏಳತೊಡಗಿದವು. ಲ್ಯಾಂಪ್ ಹತ್ತಿರ ತಂದರೆ ಗುಳ್ಳೆ ಹೆಚ್ಚು, ದೂರ ಸರಿಸಿದರೆ ಕಡಿಮೆ. ಚಿಟಿಕೆ ಅಡುಗೆ ಸೋಡಾ ಬೆರೆಸಿದರೆ ಗಿಡಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡ್ ಸಿಕ್ಕಿ ಮತ್ತೆ ಹೆಚ್ಚು. ದೆಹಲಿಯ ಚಳಿಗೆ ನೀರು ಕೊರೆಯುತ್ತಿದ್ದ ಬೆಳಿಗ್ಗೆಗಳಲ್ಲಿ ಗುಳ್ಳೆಗಳೇ ಅಪರೂಪ.

ಆದರೆ ಒಂದು ತೊಡಕಿತ್ತು. ಒಂದು ಗುಳ್ಳೆ ರವೆಕಾಳಿನಷ್ಟು, ಇನ್ನೊಂದು ಸಾಸಿವೆಯಷ್ಟು. ಎರಡನ್ನೂ ಒಂದೊಂದೇ ಎಂದು ಲೆಕ್ಕ ಹಾಕುವುದು ಸರಿಯೇ ಎಂದು ಮಗಳು ಕೇಳಿದಳು. ಉತ್ತರ ಹುಡುಕುತ್ತಾ ಹೋದಾಗ ಸಿಕ್ಕವರು ಜಗದೀಶಚಂದ್ರ ಬೋಸ್. ಎಂಟೆಕ್ ಓದುವಾಗ ಅವರನ್ನು ರೇಡಿಯೋ ಅಲೆಗಳ ವಿಜ್ಞಾನಿ ಎಂದಷ್ಟೇ ತಿಳಿದಿದ್ದೆ.

ಬೋಸರು ಹುಟ್ಟಿದ್ದು 1858ರ ನವೆಂಬರ್ 30ರಂದು, ಈಗ ಬಾಂಗ್ಲಾದೇಶದಲ್ಲಿರುವ ಮೈಮನ್‌ಸಿಂಗ್‌ನಲ್ಲಿ. ತಂದೆ ಭಗವಾನ್‌ಚಂದ್ರ ಸರ್ಕಾರಿ ಅಧಿಕಾರಿ. ಆದರೂ ಮಗನನ್ನು ಇಂಗ್ಲಿಷ್ ಶಾಲೆಗಲ್ಲ, ಬಂಗಾಳಿ ಶಾಲೆಗೆ ಸೇರಿಸಿದರು. ಬೆಸ್ತರ ಮಕ್ಕಳ ಜೊತೆ ಕೂತು ಓದಿದ ಹುಡುಗನಿಗೆ ಗಿಡ, ನೀರು, ಜೀವಜಂತುಗಳ ಕುತೂಹಲ ಅಲ್ಲೇ ಹತ್ತಿತು. ಮುಂದೆ ಕಲ್ಕತ್ತಾ, ಲಂಡನ್, ಕೇಂಬ್ರಿಡ್ಜ್‌ಗಳಲ್ಲಿ ಓದಿ, 1885ರಲ್ಲಿ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕರಾದರು.

ಅಲ್ಲಿ ಯುರೋಪಿಯನ್ನರಿಗೊಂದು ಸಂಬಳ, ಭಾರತೀಯರಿಗೆ ಅದಕ್ಕಿಂತ ಕಡಿಮೆ. ಬೋಸರು ಜಗಳವಾಡಲಿಲ್ಲ, ಕೆಲಸವನ್ನೂ ಬಿಡಲಿಲ್ಲ. ಕಡಿಮೆ ಸಂಬಳವನ್ನು ಮುಟ್ಟದೆ ಮೂರು ವರ್ಷ ಪಾಠ ಮಾಡಿದರು. ತಂದೆಯ ತಲೆಯ ಮೇಲೆ ಸಾಲವಿದ್ದ ಕಾಲ ಅದು. ಕೊನೆಗೆ ಸರ್ಕಾರವೇ ಮಣಿದು ಪೂರ್ತಿ ಸಂಬಳವನ್ನು ಬಾಕಿ ಸಮೇತ ಕೊಟ್ಟಿತು. ಒಂದೇ ಕೆಲಸಕ್ಕೆ ಒಂದೇ ಸಂಬಳ ಎಂದು ಇಂದಿಗೂ ಕೇಳಬೇಕಾಗಿ ಬರುವ ನಮ್ಮಂಥ ಹೆಣ್ಣುಮಕ್ಕಳಿಗೆ ಇದು ಹಳೆಯ ಕಥೆ ಅನ್ನಿಸುವುದಿಲ್ಲ.

ಆ ಕಷ್ಟದ ದಿನಗಳಲ್ಲೇ, 1887ರಲ್ಲಿ, ಅಬಲಾ ಅವರ ಕೈಹಿಡಿದರು. ಕಲ್ಕತ್ತಾದ ಮೆಡಿಕಲ್ ಕಾಲೇಜು ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯದಿದ್ದಾಗ ಮದ್ರಾಸಿಗೆ ಹೋಗಿ ವೈದ್ಯಕೀಯ ಓದಿದಾಕೆ ಅಬಲಾ. ಆರೋಗ್ಯ ಕೆಟ್ಟು ಓದು ಪೂರ್ತಿಯಾಗಲಿಲ್ಲ. ಮುಂದೆ 1919ರಲ್ಲಿ ನಾರೀ ಶಿಕ್ಷಾ ಸಮಿತಿ ಕಟ್ಟಿ ಬಂಗಾಳದ ಹಳ್ಳಿಗಳಲ್ಲಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆಸಿದರು, ವಿಧವೆಯರಿಗೆ ಆಸರೆಯಾದರು.

1890ರ ದಶಕದಲ್ಲಿ ಬೋಸರು ಅತಿಸೂಕ್ಷ್ಮ ರೇಡಿಯೋ ಅಲೆಗಳ ಪ್ರಯೋಗದಿಂದ ಹೆಸರಾದರು. ಆಮೇಲೆ ಗಿಡಗಳ ಕಡೆ ತಿರುಗಿದರು. ಭೌತವಿಜ್ಞಾನಿಗೆ ಗಿಡದ ಉಸಾಬರಿ ಏಕೆಂದು ವಿದೇಶಿ ಪಂಡಿತರು ಮೂಗು ಮುರಿದರು. 1917ರಲ್ಲಿ ತಮ್ಮ ಹುಟ್ಟುಹಬ್ಬದಂದೇ ಕಲ್ಕತ್ತಾದಲ್ಲಿ ಬೋಸ್ ಸಂಶೋಧನಾಲಯ ತೆರೆದರು. 1920ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದರು.

ಅವರ ಪ್ರಯೋಗದ ಗಿಡವೂ ಹೈಡ್ರಿಲ್ಲಾ! ನನ್ನ ಮಗಳಿಗೆ ಎದುರಾದ ತೊಡಕೇ ಅವರಿಗೂ ಎದುರಾಯಿತು. ಅದಕ್ಕೆ ಅವರು ಕಂಡುಕೊಂಡ ದಾರಿ ಸರಳ. ಆಮ್ಲಜನಕ ಹೊರಬರುವ ನಳಿಕೆಯ ಬಾಯಿಗೆ ಪಾದರಸದ ಹನಿಯನ್ನು ಮುಚ್ಚಳದಂತೆ ಇಟ್ಟರು. ಒಂದು ಅಳತೆಯ ಅನಿಲ ಕೂಡಿದಾಗ ಮಾತ್ರ ಅದು ಹನಿಯನ್ನು ದಾಟಿ ಹೊರಬರುತ್ತದೆ. ಹಾಗಾಗಿ ಪ್ರತಿ ಗುಳ್ಳೆಯೂ ಒಂದೇ ಗಾತ್ರ. ಪ್ರತಿ ಸಲವೂ ವಿದ್ಯುತ್ ಸಂಪರ್ಕವಾಗಿ ಗುರುತು ತಾನಾಗಿ ದಾಖಲಾಗುತ್ತದೆ. ಮನುಷ್ಯನ ಕಣ್ಣು ತಪ್ಪಬಹುದು, ಆಸೆ ಲೆಕ್ಕವನ್ನು ತಿರುಚಬಹುದು. ಯಂತ್ರಕ್ಕೆ ಆ ಭಯವಿಲ್ಲ. ಬೆಳಕು, ಇಂಗಾಲದ ಡೈಆಕ್ಸೈಡ್, ಉಷ್ಣತೆ ಒಂದೊಂದನ್ನೂ ಬದಲಿಸಿ ಅಳೆದು 1924ರಲ್ಲಿ ದ್ಯುತಿಸಂಶ್ಲೇಷಣೆಯ ಬಗ್ಗೆ ದೊಡ್ಡ ಗ್ರಂಥವನ್ನೇ ಪ್ರಕಟಿಸಿದರು.

ಅದರಲ್ಲೊಂದು ವಿಚಿತ್ರ ಸಂಗತಿಯಿತ್ತು. ಬೇಸಿಗೆಯ ಹೈಡ್ರಿಲ್ಲಾ ಚಳಿಗಾಲದ ಹೈಡ್ರಿಲ್ಲಾದಂತೆ ನಡೆದುಕೊಳ್ಳುತ್ತಿರಲಿಲ್ಲ. ಅದರ ರಸದಲ್ಲಿ ಮ್ಯಾಲಿಕ್ ಆಮ್ಲ ಇರುತ್ತಿತ್ತು, ನೀರಿನಲ್ಲಿ ಇಂಗಾಲದ ಡೈಆಕ್ಸೈಡ್ ಇಲ್ಲದಿದ್ದರೂ ಗಿಡ ಕೆಲಸ ಮಾಡುತ್ತಿತ್ತು. ಆ ಕಾಲದಲ್ಲಿ ಇದನ್ನು ಹೆಚ್ಚಿನವರು ಗಣನೆಗೆ ತೆಗೆದುಕೊಳ್ಳಲಿಲ್ಲ. ಬೋಸರು 1937ರ ನವೆಂಬರ್ 23ರಂದು ಗಿರಿಡಿಯಲ್ಲಿ ತೀರಿಕೊಂಡರು. ಹಲವು ದಶಕಗಳ ನಂತರ, ಕಿಕ್ಕಿರಿದ ಬೇಸಿಗೆ ಕೊಳಗಳಲ್ಲಿ ಹೈಡ್ರಿಲ್ಲಾ ಬೇರೊಂದು ದಾರಿ ಹಿಡಿದು, ಅಂಥ ಆಮ್ಲದ ಮೂಲಕ ಇಂಗಾಲವನ್ನು ಕೂಡಿಡುತ್ತದೆ ಎಂದು ವಿಜ್ಞಾನಿಗಳು ಕಂಡುಕೊಂಡರು. ಬೋಸರ ಎಲ್ಲ ವಾದಗಳೂ ಹೀಗೆ ಉಳಿಯಲಿಲ್ಲ. ಆದರೆ ಅವರ ಅಳತೆ ಉಳಿಯಿತು.

ನಮ್ಮ ಮನೆಯಲ್ಲಿ ಪಾದರಸ ಬಳಸುವಂತಿಲ್ಲ, ಅದು ವಿಷ. ಮಗಳು ತನ್ನ ಪಟ್ಟಿಯನ್ನು ಅಂದಗಾಣಿಸಲು ಹೋಗದೆ, ಗುಳ್ಳೆಗಳ ಗಾತ್ರ ಒಂದೇ ಇರಲಿಲ್ಲ, ಲೆಕ್ಕ ಅಂದಾಜು ಎಂದು ಕೆಳಗೆ ಬರೆದಳು. ಅಂಕ ಎಷ್ಟು ಬಂತೆಂದು ನಾನು ಕೇಳಲಿಲ್ಲ. ಗೆಳತಿಯರೇ, ಈ ರಜೆಯಲ್ಲಿ ಮಕ್ಕಳೊಂದಿಗೆ ನೀವೂ ಒಂದು ಜಾರ್ ಇಟ್ಟು ನೋಡಿ. ಗುಳ್ಳೆ ಎಣಿಸುವಾಗ ಬೋಸ್ ದಂಪತಿಯ ಕಥೆಯನ್ನೂ ಹೇಳಿ.