ಎ. ಕೆ. ರಾಮಾನುಜನ್

ಅತ್ತಿಪಟ್ಟು ಕೃಷ್ಣಸ್ವಾಮಿ ರಾಮಾನುಜನ್ (16 ಮಾರ್ಚ್ 1929 – 13 ಜುಲೈ 1993) ಕನ್ನಡ ಮತ್ತು ಇಂಗ್ಲಿಷ್ ಕವಿ, ಅನುವಾದಕ, ಭಾಷಾವಿಜ್ಞಾನಿ ಹಾಗೂ ಜಾನಪದ ವಿದ್ವಾಂಸರು. ಒಂದು ಸಮುದಾಯದ ಮನಸ್ಸನ್ನು ಅರಿಯಲು ಆ ಸಮುದಾಯವೇ ಹೇಳಿಕೊಳ್ಳುವ ಕಥೆಗಳನ್ನು ಕೇಳಬೇಕೆಂಬುದು ಅವರ ಜಾನಪದ ಅಧ್ಯಯನದ ಮುಖ್ಯ ನಿಲುವು.

ಜನನ ಮತ್ತು ಶಿಕ್ಷಣ

ರಾಮಾನುಜನ್ ಮೈಸೂರಿನ ತಮಿಳು ಅಯ್ಯಂಗಾರ್ ಕುಟುಂಬದಲ್ಲಿ ಜನಿಸಿದರು. ತಂದೆ ಗಣಿತದ ಪ್ರಾಧ್ಯಾಪಕರು. ತಾಯಿಯೊಡನೆ ತಮಿಳು, ಬೀದಿಯಲ್ಲಿ ಕನ್ನಡ, ತಂದೆಯೊಡನೆ ಇಂಗ್ಲಿಷ್ ಮಾತನಾಡುತ್ತ ಬೆಳೆದರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ವ್ಯಾಸಂಗ ಮಾಡಿ, ಕೊಲ್ಲಂ, ಬೆಳಗಾವಿ ಮತ್ತು ಬರೋಡಗಳಲ್ಲಿ ಅಧ್ಯಾಪಕರಾಗಿದ್ದರು. 1959ರಲ್ಲಿ ಅಮೆರಿಕಕ್ಕೆ ತೆರಳಿ, 1963ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದಿಂದ ಭಾಷಾವಿಜ್ಞಾನದಲ್ಲಿ ಪಿಎಚ್.ಡಿ. ಪದವಿ ಪಡೆದರು. 1962ರಿಂದ ಕೊನೆಯವರೆಗೂ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಸೇವೆ ಸಲ್ಲಿಸಿದರು.

ಕಥೆ ಮತ್ತು ಮನಸ್ಸು

ಉತ್ತರ ಕರ್ನಾಟಕದಲ್ಲಿ ಅವರು ಹೆಂಗಸರ ಬಾಯಿಂದ ಅನೇಕ ಕಥೆಗಳನ್ನು ಸಂಗ್ರಹಿಸಿದರು. ಅವುಗಳಲ್ಲೊಂದು, ಸ್ವಂತ ಮಗನನ್ನೇ ಮದುವೆಯಾಗುವ ವಿಧಿಯಿಂದ ತಪ್ಪಿಸಿಕೊಳ್ಳಲಾಗದ ತಾಯಿಯ ಕಥೆ. ಗ್ರೀಕರ ಈಡಿಪಸ್ ಕಥೆ ಮಗನ ದುರಂತವನ್ನು ಹೇಳಿದರೆ, ಇಲ್ಲಿ ನೋವು ತಾಯಿಯದು. ಈ ಕಥೆಯನ್ನೂ ಮಗನ ಯೌವನವನ್ನು ಪಡೆದ ಯಯಾತಿಯಂತಹ ಪುರಾಣಕಥೆಗಳನ್ನೂ ಆಧರಿಸಿ, ಭಾರತೀಯ ಕಥೆಗಳಲ್ಲಿ ಮಗ ತಂದೆಯನ್ನು ಮೀರುವುದಕ್ಕಿಂತ ತಂದೆಗೆ ಮಣಿಯುವುದೇ ಹೆಚ್ಚೆಂದು ಅವರು ತೋರಿಸಿದರು. ಫ್ರಾಯ್ಡ್‌ನ ಮನೋವಿಶ್ಲೇಷಣೆಯನ್ನು ಅವರು ತಳ್ಳಿಹಾಕಲಿಲ್ಲ. ಅದರ ಅಳತೆಗೋಲನ್ನು ಎಲ್ಲ ಸಮಾಜಗಳಿಗೂ ಹಾಗೆಯೇ ಹಿಡಿಯಲಾಗದೆಂದು ವಾದಿಸಿದರು.

1991ರಲ್ಲಿ ಪ್ರಕಟವಾದ ಅವರ ಭಾರತೀಯ ಜನಪದ ಕಥೆಗಳ ಇಂಗ್ಲಿಷ್ ಸಂಕಲನದಲ್ಲಿರುವ ಎರಡು ಕಥೆಗಳು ಈ ದೃಷ್ಟಿಯಿಂದ ಗಮನಾರ್ಹ. ತಮಿಳು ಕಥೆಯೊಂದರಲ್ಲಿ, ಮಕ್ಕಳೂ ಸೊಸೆಯರೂ ಕಾಡುತ್ತಿದ್ದ ವಿಧವೆ ತನ್ನ ಸಂಕಟವನ್ನು ಪಾಳುಮನೆಯ ಗೋಡೆಗಳಿಗೆ ಹೇಳಿಕೊಂಡು ಹಗುರಾಗುತ್ತಾಳೆ; ಆ ಭಾರಕ್ಕೆ ಗೋಡೆಗಳೇ ಕುಸಿಯುತ್ತವೆ. ಕನ್ನಡ ಕಥೆಯಲ್ಲಿ, ಗೃಹಿಣಿಯೊಬ್ಬಳು ಯಾರಿಗೂ ಹೇಳದೆ ಉಳಿಸಿಕೊಂಡ ಕಥೆ ಮತ್ತು ಹಾಡು ಹೊರಬಂದು ಅವಳ ಮೇಲೆ ಸೇಡು ತೀರಿಸಿಕೊಳ್ಳುತ್ತವೆ.

ಪ್ರಭಾವ

ರಾಮಾನುಜನ್ ಚಿಕಿತ್ಸಕರಾಗಿರಲಿಲ್ಲ. ಆದರೂ ಆಪ್ತಸಮಾಲೋಚನೆಗೆ ಬಂದವರ ಸಂಕಟವನ್ನು ಅವರವರ ಸಮುದಾಯದ ಕಥೆಗಳ ಮೂಲಕ ಅರಿಯುವ ವಿಧಾನಕ್ಕೆ ಅವರ ವಿಚಾರಗಳು ಹತ್ತಿರವಾಗಿವೆ. ಕಥೆಯ ಅರ್ಥ ಹೇಳುವವರು ಮತ್ತು ಕೇಳುವವರೊಂದಿಗೆ ಬದಲಾಗುತ್ತದೆಂಬ ಅವರ ಎಚ್ಚರಿಕೆಯೂ ಅಲ್ಲಿ ಮುಖ್ಯ. ಒಂದೇ ಸಮುದಾಯದ ಇಬ್ಬರಿಗೆ ಒಂದೇ ಕಥೆ ಒಂದೇ ಅರ್ಥವನ್ನು ಕೊಡಬೇಕಾಗಿಲ್ಲ.

ಗಿರೀಶ್ ಕಾರ್ನಾಡರ ನಾಗಮಂಡಲ ನಾಟಕವು ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಆಧರಿಸಿದೆ. ಹುಡುಗಿಯೊಬ್ಬಳು ಹೂಬಿಡುವ ಮರವಾಗುವ, ಅವರು ಅನುವಾದಿಸಿದ ಕನ್ನಡ ಕಥೆಯನ್ನು ಆಧರಿಸಿ ಅಮೆರಿಕದ ಸಂಗೀತ ಸಂಯೋಜಕ ಜಾನ್ ಆಡಮ್ಸ್ ರಚಿಸಿದ ಒಪೆರಾ 2006ರಲ್ಲಿ ವಿಯೆನ್ನಾದಲ್ಲಿ ಪ್ರದರ್ಶನಗೊಂಡಿತು.

ಗೌರವ ಮತ್ತು ನಿಧನ

ಅವರಿಗೆ 1976ರಲ್ಲಿ ಪದ್ಮಶ್ರೀ, 1983ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆತವು. 1993ರ ಜುಲೈ 13ರಂದು ಶಿಕಾಗೊದಲ್ಲಿ ನಿಧನರಾದರು. ಅವರು ಸಂಗ್ರಹಿಸಿದ ಕನ್ನಡ ಕಥೆಗಳ ಇಂಗ್ಲಿಷ್ ಅನುವಾದವು 1997ರಲ್ಲಿ, ಮರಣಾನಂತರ, ಪ್ರಕಟವಾಯಿತು.